ಅದು ದೇವರ ವಿರುದ್ಧ ಬರೆದ ಕಾದಂಬರಿಯಲ್ಲ

ಜಾನೆಟ್ ವಿಂಟರ್‌ಸನ್ ಅವರ ‘ಆರೆಂಜಸ್ ಆರ್ ನಾಟ್ ದಿ ಓನ್ಲಿ ಫ್ರೂಟ್’ ಧರ್ಮವನ್ನು ಹೀಯಾಳಿಸುವ ಕಾದಂಬರಿಯೇ, ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದವರು ಅದನ್ನು ಓದಬಹುದೇ ಎಂದು ನೀವು ಕೇಳಿದ್ದೀರಿ. ತುಮಕೂರಿನ ಅಂಥದೇ ಒಂದು ಮನೆಯಲ್ಲಿ ಬೆಳೆದ ನಾನು ಅದನ್ನು ಮೂರು ಸಲ ಓದಿದ್ದೇನೆ. ಖಂಡಿತ ಓದಿ.

1985ರಲ್ಲಿ ಪ್ರಕಟವಾಗಿ, ಚೊಚ್ಚಲ ಕಾದಂಬರಿಗೆ ಕೊಡುವ ವಿಟ್‌ಬ್ರೆಡ್ ಪ್ರಶಸ್ತಿಯನ್ನು ಪಡೆದ ಕೃತಿ ಇದು. ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಪೆಂಟೆಕೋಸ್ಟಲ್ ಎಂಬ ಕ್ರೈಸ್ತ ಪಂಥದ ತಾಯಿಯೊಬ್ಬಳು ದತ್ತು ತಂದ ಮಗಳನ್ನು ಧರ್ಮಪ್ರಚಾರಕ್ಕೆಂದೇ ಬೆಳೆಸುತ್ತಾಳೆ. ಹರೆಯಕ್ಕೆ ಬಂದ ಮಗಳು ಮೆಲನಿ ಎಂಬ ಹುಡುಗಿಯನ್ನು ಪ್ರೀತಿಸಿದಾಗ ಚರ್ಚಿನ ಸಭೆಯವರು ದೆವ್ವ ಹಿಡಿದಿದೆಯೆಂದು ಅವಳನ್ನು ಊಟವಿಲ್ಲದೆ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಅವಳ ಪತ್ರಗಳನ್ನೆಲ್ಲ ತಾಯಿಯೇ ಸುಡುತ್ತಾಳೆ. ಇಂಗ್ಲೆಂಡಿನ ಕಾನೂನು ಹೆಂಗಸರ ನಡುವಿನ ಪ್ರೀತಿಯನ್ನು ಎಂದೂ ಅಪರಾಧವೆಂದು ಬರೆದಿರಲಿಲ್ಲವೆಂಬುದನ್ನು ಗಮನಿಸಿ. ಶಿಕ್ಷೆಯೆಲ್ಲ ಬಂದದ್ದು ಮನೆಯಿಂದ, ಪ್ರಾರ್ಥನೆ ಮಾಡುವ ಬಾಯಿಗಳಿಂದ. ನಮ್ಮಲ್ಲಿಯೂ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಯವನ್ನು ತೆಗೆದುಹಾಕಿತು. ನಡುಮನೆಯ ಭಯ ಹಾಗೆಯೇ ಉಳಿದಿದೆ.

ನನ್ನನ್ನು ಹೆಚ್ಚು ಕಲಕಿದ್ದು ಮಾತ್ರ ಒಂದು ಸಣ್ಣ ಸಂಗತಿ. ತಾಯಿ ಮಗಳಿಗೆ ‘ಜೇನ್ ಐರ್’ ಕಾದಂಬರಿಯನ್ನು ಓದಿ ಹೇಳುತ್ತ, ನಾಯಕಿ ಕೊನೆಗೆ ಪಾದ್ರಿಯನ್ನೇ ಮದುವೆಯಾದಳೆಂದು ಕಥೆಯನ್ನು ತಿರುಗಿಸಿಬಿಟ್ಟಿರುತ್ತಾಳೆ. ನಿಜವಾದ ಮುಕ್ತಾಯ ಮಗಳಿಗೆ ತಿಳಿಯುವುದು ಮುಂದೊಂದು ದಿನ ಲೈಬ್ರರಿಯ ಮೂಲೆಯಲ್ಲಿ. ಅದನ್ನು ಓದಿದಾಗ ಚಿಕ್ಕಪೇಟೆಯ ನಮ್ಮ ಪಡಸಾಲೆ ಕಣ್ಣಿಗೆ ಕಟ್ಟಿತು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ನಮಗೆ ಭಾರತ ಓದುತ್ತಿದ್ದರು. ಶಿಖಂಡಿಯ ಪ್ರಸಂಗ ಬಂತೆಂದರೆ ಉರಿದುಳಿದ ಊದುಬತ್ತಿಯ ಕಡ್ಡಿಯನ್ನು ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿ, ಮರುದಿನ ಶರಶಯ್ಯೆಯಿಂದಲೇ ಶುರು ಮಾಡುತ್ತಿದ್ದರು. ಭೀಷ್ಮ ಬಿದ್ದದ್ದು ನನಗೆ ಗೊತ್ತಿತ್ತು. ಯಾರನ್ನು ಕಂಡು ಬಿಲ್ಲು ಕೆಳಗಿಟ್ಟ ಎಂಬುದು ಹತ್ತೊಂಬತ್ತು ತುಂಬುವವರೆಗೂ ಗೊತ್ತಿರಲಿಲ್ಲ. ಆ ಅಜ್ಜಿಯಷ್ಟು ನನ್ನನ್ನು ಪ್ರೀತಿಸಿದವರು ಬೇರೆ ಯಾರೂ ಇಲ್ಲ. ನಾನು ಯಾರನ್ನು ಪ್ರೀತಿಸುತ್ತೇನೆಂದು ಅವರಿಗೆ ಕೊನೆಯವರೆಗೂ ಹೇಳಲಾಗಲಿಲ್ಲ.

ಆದ್ದರಿಂದಲೇ ಆ ತಾಯಿಯನ್ನು ಬರಿಯ ಕ್ರೂರಿಯೆಂದು ಓದಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಗಳಿಗೆ ಅಕ್ಷರ ಕಲಿಸಿದವಳು ಅವಳೇ, ಅದೂ ಬೈಬಲಿನ ಧರ್ಮೋಪದೇಶಕಾಂಡವನ್ನು ಮುಂದಿಟ್ಟುಕೊಂಡು. ಮಗಳಿಗಿರುವ ಮಾತಿನ ಬಲ, ಕಥೆ ಕಟ್ಟುವ ಬಲ ಎಲ್ಲವೂ ಅವಳನ್ನು ಹೊರಹಾಕಿದ ಆ ಸಭೆಯಿಂದಲೇ ಬಂದದ್ದು. ಮನೆ ಬಿಟ್ಟ ಮೇಲೂ ಅವಳು ದೇವರಿಗಾಗಿ ಹಂಬಲಿಸುತ್ತಾಳೆ; ಹೀಯಾಳಿಸುವವರು ಹಾಗೆ ಹಂಬಲಿಸುವುದಿಲ್ಲ.

ಕಾದಂಬರಿಯ ಎಂಟು ಅಧ್ಯಾಯಗಳಿಗೆ ಬೈಬಲಿನ ಮೊದಲ ಎಂಟು ಪುಸ್ತಕಗಳ ಹೆಸರುಗಳಿವೆ: ಆದಿಕಾಂಡದಿಂದ ಆರಂಭವಾಗಿ, ವಿಧಿನಿಷೇಧಗಳ ಕಾಂಡಗಳನ್ನು ದಾಟಿ, ರೂತಳಲ್ಲಿ ಮುಗಿಯುತ್ತದೆ. ಗಂಡ ಸತ್ತ ಮೇಲೂ ಅತ್ತೆ ನೊವೊಮಿಯ ಕೈಬಿಡದೆ ಅವಳ ಹಿಂದೆಯೇ ನಡೆದ ಸೊಸೆ ರೂತಳು. ಕನ್ನಡ ಬೈಬಲಿನಲ್ಲಿ ಅದು ನಾಲ್ಕೇ ಅಧ್ಯಾಯ, ಒಂದು ಗಂಟೆಯೂ ಹಿಡಿಯುವುದಿಲ್ಲ. ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಮೊದಲು ಅದನ್ನೊಮ್ಮೆ ಓದಿಕೊಳ್ಳಿ. ಆಮೇಲೆ, ಕ್ರಿಸ್‌ಮಸ್ಸಿಗೆ ತಾಯಿಯ ಮನೆಗೆ ಮರಳುವ ಮಗಳನ್ನು ನೋಡಿ.