ಪ್ರತಿಕ್ರಿಯೆ: ಡಿಟರ್ಮಿನೆಂಟ್, ಪರ್ಮನೆಂಟ್ ನಡುವೆ ಜ್ಯಾಮಿತಿ ಎಲ್ಲಿಂದ ಬಂತು?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ, ಇವೆರಡಕ್ಕೂ ಬರೀ ಪ್ಲಸ್-ಮೈನಸ್ ವ್ಯತ್ಯಾಸ ಅಲ್ವಾ, ಜ್ಯಾಮಿತಿ ಯಾಕೆ ಅಂತ ಕೇಳಿದ್ದೀರಿ. ತುಂಬಾ ಒಳ್ಳೆ ಪ್ರಶ್ನೆ. ಚೌಕಾಕಾರದ ಸಂಖ್ಯಾ ಕೋಷ್ಟಕದಲ್ಲಿ (ಮ್ಯಾಟ್ರಿಕ್ಸ್) ಪ್ರತಿ ಸಾಲು, ಪ್ರತಿ ಕಂಬದಿಂದ ಒಂದೊಂದೇ ಸಂಖ್ಯೆ ಬರುವಂತೆ ಆರಿಸಿ ಗುಣಿಸಿ, ಅಂಥ ಎಲ್ಲ ಗುಣಲಬ್ಧಗಳನ್ನೂ ಕೂಡಿದರೆ ಪರ್ಮನೆಂಟ್; ಅವುಗಳಲ್ಲಿ ಅರ್ಧಕ್ಕೆ ಮೈನಸ್ ಹಾಕಿ ಕೂಡಿದರೆ ಡಿಟರ್ಮಿನೆಂಟ್.

ಪೆನ್ನು ಹಿಡಿದು ನೋಡಿ. 2×2 ಕೋಷ್ಟಕದಲ್ಲಿ ಮೇಲಿನ ಬಲ ಮೂಲೆಯ ಸಂಖ್ಯೆಗೆ ಮೈನಸ್ ಹಾಕಿದರೆ ಸಾಕು, ಡಿಟರ್ಮಿನೆಂಟೇ ಪರ್ಮನೆಂಟ್ ಆಗಿಬಿಡುತ್ತದೆ. 3×3ಕ್ಕೆ ಈ ಉಪಾಯ ನಡೆಯುವುದಿಲ್ಲ. 3×3 ಪರ್ಮನೆಂಟನ್ನು ಡಿಟರ್ಮಿನೆಂಟ್ ಆಗಿ ಬರೆಯಲು 7×7 ಕೋಷ್ಟಕ ಬೇಕೇ ಬೇಕು. ಮುಂದೆ ಈ ಗಾತ್ರ ಎಷ್ಟು ಬೇಗ ಬೆಳೆಯುತ್ತದೆ? ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ವ್ಯಾಲಿಯಂಟ್ 1979ರಲ್ಲಿ ಎತ್ತಿದ್ದು ಈ ಪ್ರಶ್ನೆಯನ್ನೇ. ಪಿ-ಎನ್‌ಪಿ ಪ್ರಶ್ನೆಯ (ಉತ್ತರವನ್ನು ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳನ್ನೆಲ್ಲ ಬೇಗ ಬಿಡಿಸಲೂ ಬಹುದೇ ಎಂಬ ಪ್ರಶ್ನೆ) ಹತ್ತಿರದ ನೆಂಟ ಇದು.

ಈಗ ಜ್ಯಾಮಿತಿ. ಡಿಟರ್ಮಿನೆಂಟನ್ನು ಬಹುಪದಿಗಳ ಲೋಕದಲ್ಲಿ ಒಂದು ಬಿಂದು ಅಂದುಕೊಳ್ಳಿ. ಚರಾಕ್ಷರಗಳನ್ನು ರೇಖೀಯವಾಗಿ ಬದಲಿಸುತ್ತಾ ಹೋದರೆ ಅದು ತಲುಪುವ ಬಿಂದುಗಳು, ಅವು ಎಷ್ಟು ಬೇಕಾದರೂ ಸಮೀಪಿಸುವ ಬಿಂದುಗಳು (ಲಿಮಿಟ್) ಸೇರಿ ಒಂದು ಆಕಾರವಾಗುತ್ತದೆ. ಪರ್ಮನೆಂಟ್ (ಡಿಗ್ರಿ ಸರಿಹೊಂದಿಸಿದ ಮೇಲೆ) ಅದರ ಹೊರಗಿದೆ ಅಂತ ತೋರಿಸಿದರೆ ಆ ಗಾತ್ರ ಸಾಲದು ಅಂತಾಯಿತು. ಕಂಪ್ಯೂಟರ್ ವಿಜ್ಞಾನಿಗಳಾದ ಕೇತನ್ ಮುಲ್ಮುಲೆ, ಮಿಲಿಂದ್ ಸೊಹೊನಿ 2001ರಲ್ಲಿ ಹಾಕಿಕೊಟ್ಟ ದಾರಿ ಇದು. ಡಿಟರ್ಮಿನೆಂಟ್, ಪರ್ಮನೆಂಟ್ ಎರಡರ ಸಮಮಿತಿಗಳನ್ನು (ಯಾವ ಬದಲಾವಣೆ ಮಾಡಿದರೂ ಅವು ಹಾಗೇ ಉಳಿಯುತ್ತವೆ ಎಂಬುದನ್ನು) ಹೋಲಿಸುವುದೇ ಅವರ ಆಯುಧ.

2016ರಲ್ಲಿ ಬ್ಯುರ್ಗಿಸರ್, ಇಕೆನ್‌ಮೆಯರ್, ಪನೋವಾ ಎಂಬ ಸಂಶೋಧಕರು ಇದರಲ್ಲಿನ ಅತಿ ಸುಲಭದ ದಾರಿ ಸಾಲದು ಅಂತ ಸಾಧಿಸಿದರು. ಹಾಗಂತ ಕೈಬಿಡಬೇಡಿ. ಇನ್ನೂ ಸೂಕ್ಷ್ಮ ದಾರಿಗಳು ತೆರೆದೇ ಇವೆ.

ಮೊದಲು ಗ್ರೂಪ್ ಥಿಯರಿ (ಸಮಮಿತಿಗಳ ಗಣಿತ) ಗಟ್ಟಿ ಮಾಡಿಕೊಳ್ಳಿ. ನಾನು ಇಲ್ಲೇ ಚಿತ್ರದುರ್ಗದಲ್ಲಿ ಇರುವುದು, ಭಾನುವಾರ ಬಂದರೆ ಕೂತು 3×3 ಲೆಕ್ಕ ಬಿಡಿಸೋಣ.