ಹುಲಿಗೆ ಮಾತ್ರ ಬಣ್ಣ ಯಾಕೆ?

ನಮಸ್ಕಾರ. ನಿಮ್ಮ ಹತ್ತಿರ ಇರೋ ಹುಲಿಯ ಚಿಕ್ಕ ಅಚ್ಚುಚಿತ್ರದ ಕೆಳಗೆ ‘ಲಿಜಾರ್ಸ್’ ಅಂತಿದೆ, ಹುಲಿಗೆ ಮಾತ್ರ ಬಣ್ಣ, ಹಿಂದಿನ ಗಿಡ, ಗುಡ್ಡ ಕಪ್ಪುಬಿಳುಪು. ಅರ್ಧಕ್ಕೆ ಬಿಟ್ಟ ಕೆಲಸವಾ, ಇಲ್ಲಾ ನಕಲಾ ಅಂತ ಕೇಳಿದ್ದೀರಿ.

ಅರ್ಧಕ್ಕೆ ಬಿಟ್ಟಿದ್ದಲ್ಲ, ಆ ಸರಣಿ ಇರೋದೇ ಹಾಗೆ. ಸ್ಕಾಟ್ಲೆಂಡಿನ ಪ್ರಕೃತಿ ವಿಜ್ಞಾನಿ ವಿಲಿಯಂ ಜಾರ್ಡಿನ್ 1833ರಿಂದ 1843ರವರೆಗೆ ಎಡಿನ್‌ಬರೋದಲ್ಲಿ ತಂದ 40 ಸಂಪುಟಗಳ ಪ್ರಾಣಿ-ಪಕ್ಷಿ ಪುಸ್ತಕಮಾಲೆ ‘ನ್ಯಾಚುರಲಿಸ್ಟ್ಸ್ ಲೈಬ್ರರಿ’ಯದ್ದು ಇರಬೇಕು. ಅವರ ಹೆಂಡತಿಯ ಸೋದರ ಲಿಜಾರ್ಸ್ ಉಕ್ಕಿನ ತಗಡಿನ ಮೇಲೆ ಚಿತ್ರ ಕೊರೆಸಿ ಅಚ್ಚು ಹಾಕುತ್ತಿದ್ದರು. ಜನಸಾಮಾನ್ಯರೂ ಕೊಳ್ಳಲಿ ಅಂತ ತಂದ ಪುಸ್ತಕ. ಪ್ರತಿ ಹಾಳೆಗೂ ಕೈಯಲ್ಲೇ ಬಣ್ಣ ಹಚ್ಚಬೇಕಲ್ವಾ? ಪ್ರಾಣಿಗೆ ಮಾತ್ರ ಹಚ್ಚಿದರೆ ಕೆಲಸ ಎಷ್ಟೋ ಉಳಿಯುತ್ತದೆ. (ಇದೇ ಲಿಜಾರ್ಸ್ ಬಳಿ 1827ರಲ್ಲಿ ಬಣ್ಣ ಹಚ್ಚುವವರು ಮುಷ್ಕರ ಹೂಡಿದ್ದರಿಂದ ಅಮೆರಿಕದ ಹಕ್ಕಿ ಚಿತ್ರಕಾರ ಆಡುಬಾನ್ ತಮ್ಮ ಹಕ್ಕಿ ಚಿತ್ರಗಳ ಕೆಲಸವನ್ನು ಲಂಡನ್ನಿಗೆ ಒಯ್ದರು!)

ಇನ್ನು ನಕಲಾ ಅನ್ನೋದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ನೋಡಿ. ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕಿಗಳಾಗಿ ಕಂಡರೆ ಅದು ಈಚಿನ ಮುದ್ರಣ, ಸುಮ್ನೆ ಆಸೆ ಬಿಡಿ. ಕೈಬಣ್ಣವಾದರೆ ತೆಳುವಾಗಿ ಹರಡಿರುತ್ತದೆ, ಅಲ್ಲಲ್ಲಿ ಗೆರೆ ದಾಟಿರುತ್ತದೆ. ಆ ಸಣ್ಣ ತಪ್ಪುಗಳೇ ನನಗೆ ಜಾಸ್ತಿ ಇಷ್ಟ. ತಗಡು ಒತ್ತಿದ ಅಂಚಿನ ಗುರುತು ಇಲ್ಲ ಅಂತ ಗಾಬರಿ ಬೇಡ, ಪುಸ್ತಕ ಕಟ್ಟುವಾಗ ಹಾಳೆಯ ಅಂಚನ್ನು ಕತ್ತರಿಸುತ್ತಿದ್ದರು. ಬಣ್ಣ ಎಷ್ಟೋ ಕಾಲದ ಮೇಲೆ ಯಾರೋ ಹಚ್ಚಿದ್ದಾ ಅನ್ನೋ ಅನುಮಾನ ಬಂದರೆ ಗುಡ್ಡ, ಆಕಾಶ ನೋಡಿ. ಅಲ್ಲೂ ಢಾಳಾಗಿ ಬಣ್ಣವಿದ್ದರೆ ನಾನಂತೂ ಅನುಮಾನಿಸುತ್ತಿದ್ದೆ. ನಿಮ್ಮದರಲ್ಲಿ ಅದಿಲ್ಲ.

ಚೌಕಟ್ಟು ಹಾಕಿಸುವಾಗ ಆಮ್ಲವಿಲ್ಲದ ರಟ್ಟನ್ನೇ ಕೇಳಿ. ಬಿಸಿಲು ಬೀಳುವ ಗೋಡೆ ಬೇಡ.