ಕಾರಿನ ಎಸಿ ತಂಪಾಗುತ್ತಿಲ್ಲ: ಗ್ಯಾಸ್ ತುಂಬಿಸಲಾ, ಕಂಪ್ರೆಸರ್ ಬದಲಿಸಲಾ?

ನಾನು ಎರಡನ್ನೂ ಮಾಡಿಸಿದವನು. ಗ್ಯಾಸ್ ಮೂರು ಸಲ, ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಒಂದು ಸಲ. ಗಾಡಿಗೆ ನಿಜವಾಗಿ ಬೇಕಿದ್ದದ್ದು ಎರಡೂ ಅಲ್ಲ. ಅದಕ್ಕೇ ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ.

ನನ್ನದು ಆಗ ಆರು ವರ್ಷದ ಹಳೇ ಗಾಡಿ. ಬೇಸಿಗೆ ಶುರುವಾಗಿತ್ತು. ರಸ್ತೆ ಖಾಲಿ ಇದ್ದರೆ ಎಸಿ ಚೆನ್ನಾಗೇ ಇರುತ್ತಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಐದೇ ನಿಮಿಷ, ಬರೀ ಫ್ಯಾನ್ ಗಾಳಿ. ಹಿಂದಿನ ಸೀಟಿನಲ್ಲಿದ್ದ ಮಗಳು ಒಂದು ದಿನ ಕೇಳಿದಳು, “ಅಪ್ಪಾ, ಸಿಗ್ನಲ್ ಬಂದ್ರೆ ಎಸಿಗೆ ನಿದ್ದೆ ಬರುತ್ತಾ?” ಎಲ್ಲರೂ ನಕ್ಕೆವು. ಮೆಕ್ಯಾನಿಕ್ಕಿಗೆ ನಾನು ಹೇಳಬೇಕಿದ್ದ ಮಾತು ಅದೊಂದೇ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಎಸಿ ಅಂಗಡಿಯಲ್ಲಿ ಗಾಡಿಯಿಂದ ಇಳಿಯುವ ಮೊದಲೇ, “ಗ್ಯಾಸ್ ಕಮ್ಮಿ ಆಗಿದೆ, ಸ್ವಲ್ಪ ಹಾಕಿಬಿಡಿ” ಎಂದೆ. ಆತ ಗೇಜ್ ಹಚ್ಚಿದ, “ಹೌದು ಸಾರ್, ಸ್ವಲ್ಪ ಡೌನ್ ಇದೆ” ಎಂದ, ಹಾಕಿದ. ಆ ಸಂಜೆ ಮಳೆ ಹನಿಯಿತು. ಹೊರಗೇ ತಣ್ಣಗಿತ್ತು, ಒಳಗೂ ತಣ್ಣಗಾಯಿತು. ರಿಪೇರಿ ಆಯಿತು ಅಂದುಕೊಂಡೆ. ವಾರ ಕಳೆದು ಬಿಸಿಲು ಬಂದಾಗ ಮತ್ತೆ ಅದೇ ಕಥೆ. ಎರಡನೇ ಸಲ ಹೋದಾಗ, “ಈ ಸಲ ಸ್ವಲ್ಪ ಜಾಸ್ತಿನೇ ಹಾಕಿ” ಎಂದು ಬೇರೆ ಹೇಳಿದೆ. ಮೂರನೇ ಸಲ ಬೇರೆ ಅಂಗಡಿ, ಆದರೆ ನಾನು ಹೇಳಿದ್ದು ಅದೇ.

ನನಗೆ ಮುಳುವಾದದ್ದು ಇದೇ. ಕಾಯಿಲೆ ಏನು ಅಂತ ಹೇಳಲಿಲ್ಲ, ಔಷಧಿ ಕೇಳಿದೆ. ‘ಗ್ಯಾಸ್ ಹಾಕಿ’ ಎಂದವನಿಗೆ ಯಾವ ಅಂಗಡಿಯವನೂ ‘ಯಾಕೆ ಸಾರ್?’ ಅನ್ನುವುದಿಲ್ಲ. ಹಾಕುತ್ತಾನೆ. ಆತನದ್ದು ತಪ್ಪು ಅಂತಲೂ ನಾನು ಹೇಳಲಾರೆ. ‘ಓಡುವಾಗ ತಣ್ಣಗಿರುತ್ತೆ, ನಿಂತರೆ ಬಿಸಿ’ ಎಂದು ಒಂದು ಸಾಲು ಹೇಳಿದ್ದರೆ ಬಹುಶಃ ಮೊದಲ ದಿನವೇ ಮುಗಿಯುತ್ತಿತ್ತು.

ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ. ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳ ಒಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಹೋಸ್‌ಗಳಿಂದ, ಸೀಲ್‌ಗಳಿಂದ ವರ್ಷಗಟ್ಟಲೆಯಲ್ಲಿ ಒಂದಿಷ್ಟು ಸೋರುವುದು ನಿಜ. ಆದರೆ ಪ್ರತಿ ಬೇಸಿಗೆ ತುಂಬಿಸಬೇಕಾಗಿ ಬಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಅದನ್ನು ಹುಡುಕದೆ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಎಂಜಿನ್ ಆಫ್ ಇರುವಾಗ ಗೇಜ್ ತೋರಿಸುವ ಒತ್ತಡದಿಂದ ಗ್ಯಾಸ್ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ಅಡುಗೆ ಸಿಲಿಂಡರ್ ನೆನಪಿಸಿಕೊಳ್ಳಿ. ತುಂಬಿದ್ದರೂ ಕಾಲು ಭಾಗ ಇದ್ದರೂ ಒಲೆ ಒಂದೇ ಥರ ಉರಿಯುತ್ತದೆ, ಅಲ್ವಾ? ಇಲ್ಲೂ ಹಾಗೇ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಒತ್ತಡವನ್ನು ನಿರ್ಧರಿಸುವುದು ಹೊರಗಿನ ಶಾಖ. ಆರ್134ಎ ಅನ್ನುವ ಎಸಿ ಗ್ಯಾಸ್ ಇರುವ ಗಾಡಿಯಲ್ಲಿ 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ, ಅರ್ಧ ಖಾಲಿ ಆಗಿದ್ದರೂ. ಗೇಜ್ ಸೊನ್ನೆಯ ಹತ್ತಿರ ಇದ್ದರೆ ಗ್ಯಾಸ್ ಇಲ್ಲ ಅನ್ನಬಹುದು, ಅಷ್ಟೇ. ‘ಸ್ವಲ್ಪ ಡೌನ್’ ಅನ್ನುವುದೆಲ್ಲ ಅಂದಾಜು. ಸರಿಯಾದ ದಾರಿ ಒಂದೇ: ಇದ್ದದ್ದನ್ನು ಮೆಷಿನ್ನಿಂದ ಪೂರ್ತಿ ತೆಗೆದು ತೂಕ ನೋಡುವುದು, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಾಕಿಡುವುದು (ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು), ಆಮೇಲೆ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟು ಗ್ರಾಂ ತೂಗಿ ಹಾಕುವುದು. ಚಿಕ್ಕ ಕಾರುಗಳಲ್ಲಿ ಅದು ಅರ್ಧ ಕಿಲೋ ಆಸುಪಾಸು. ಅಷ್ಟು ಕಮ್ಮಿ ಇರುವಾಗ ನೂರು ಗ್ರಾಂ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ.

ನನ್ನ ಗಾಡಿಯಲ್ಲಿ ಲೆಕ್ಕ ಪೂರ್ತಿ ತಪ್ಪಿತ್ತು. ಜಾಸ್ತಿ ಗ್ಯಾಸ್ ಅಂದರೆ ಜಾಸ್ತಿ ತಂಪು ಅಲ್ಲ. ಹೈ ಸೈಡಿನ, ಅಂದರೆ ಕಂಪ್ರೆಸರ್ ಗ್ಯಾಸನ್ನು ಒತ್ತಿ ಕಳಿಸುವ ಬದಿಯ, ಒತ್ತಡ ಏರುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ. ಮೂರನೇ ಸಲ ತುಂಬಿಸಿ ಎರಡು ವಾರಕ್ಕೆ ಗರಗರ ಸದ್ದು ಶುರು. ಒಂದು ಮಧ್ಯಾಹ್ನ ಬೆಲ್ಟ್ ಕಿರುಚಿತು, ಸುಟ್ಟ ವಾಸನೆ ಬಂತು, ಕಂಪ್ರೆಸರ್ ಜಾಮ್. ಜಾಮ್ ಆದ ಕಂಪ್ರೆಸರ್ ಲೋಹದ ಪುಡಿಯನ್ನು ಪೈಪಿಗೆಲ್ಲ ಕಳಿಸಿರುತ್ತದೆ. ಗಾಡಿಯ ಮುಂಭಾಗದಲ್ಲಿದ್ದು ಗ್ಯಾಸಿನ ಶಾಖ ಹೊರಬಿಡುವ ಭಾಗ ಕಂಡೆನ್ಸರ್. ಈಗಿನ ಕಂಡೆನ್ಸರ್‌ಗಳ ಕೊಳವೆಗಳು ಎಷ್ಟು ಸಣ್ಣ ಅಂದರೆ ತೊಳೆದು ಆ ಪುಡಿ ತೆಗೆಯಲು ಆಗುವುದಿಲ್ಲ. ಹಾಗಾಗಿ ಕಂಡೆನ್ಸರ್ ಹೊಸದು, ತೇವ ಹೀರುವ ಡ್ರೈಯರ್ ಹೊಸದು, ಗ್ಯಾಸಿನ ಹರಿವನ್ನು ಹಿಡಿದಿಡುವ ಎಕ್ಸ್‌ಪಾನ್ಷನ್ ವಾಲ್ವ್ ಹೊಸದು.

ಎಲ್ಲ ಹೊಸದಾಗಿ ವರ್ಕ್‌ಶಾಪಿನಿಂದ ಹೊರಟೆ. ಮೊದಲ ಸಿಗ್ನಲ್. ಬಿಸಿ ಗಾಳಿ. ಮಗಳು ಈ ಸಲ ಏನೂ ಹೇಳಲಿಲ್ಲ.

ಕೊನೆಗೆ ತಪ್ಪು ಸಿಕ್ಕಿದ್ದು ಎಸಿಯವನ ಹತ್ತಿರ ಅಲ್ಲ. ಹೆಡ್‌ಲೈಟ್ ಬಲ್ಬ್ ಹಾಕಿಸಲು ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಬಳಿ ಹೋಗಿದ್ದೆ. ಎಂಜಿನ್ ಚಾಲೂ ಇತ್ತು, ಬಾನೆಟ್ ಎತ್ತಿತ್ತು. ಅವರು ಕೇಳಿದರು, “ಎಸಿ ಆನ್ ಇದೆಯಾ?” ಇದೆ ಎಂದೆ. “ಮತ್ತೆ ಮುಂದಿನ ಫ್ಯಾನ್ ಯಾಕೆ ಸುಮ್ನೆ ಕೂತಿದೆ?”

ಅಷ್ಟೇ. ನನ್ನ ಗಾಡಿಯ ಫ್ಯಾನಿಗೆ ಎರಡು ಸ್ಪೀಡ್. ಎಸಿ ಹಾಕಿದರೆ ನಿಧಾನದ ಸ್ಪೀಡಿನಲ್ಲಿ ತಿರುಗಬೇಕು. ಆ ಸ್ಪೀಡಿಗೆ ಕರೆಂಟ್ ತಗ್ಗಿಸಿ ಕೊಡುವ ಬೆರಳುದ್ದದ ರೆಸಿಸ್ಟರ್ ಸುಟ್ಟಿತ್ತು. ಎಂಜಿನ್ ತೀರಾ ಬಿಸಿಯಾದಾಗ ಜೋರು ಸ್ಪೀಡ್ ಬರುತ್ತಿದ್ದರಿಂದ ಟೆಂಪರೇಚರ್ ಮುಳ್ಳು ಏರುತ್ತಲೇ ಇರಲಿಲ್ಲ, ನನಗೆ ಅನುಮಾನವೂ ಬರಲಿಲ್ಲ. ಓಡುವಾಗ ಎದುರುಗಾಳಿ ಕಂಡೆನ್ಸರ್ ತಣಿಸುತ್ತಿತ್ತು. ನಿಂತರೆ ಗಾಳಿ ಇಲ್ಲ, ಒತ್ತಡ ಏರುತ್ತದೆ, ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಮಗಳು ಹೇಳಿದ ನಿದ್ದೆ ಇದೇ. ಹಾಗಾದರೆ ಅಷ್ಟು ದಿನ ಎಸಿಯವರಿಗೆ ಯಾಕೆ ಕಾಣಲಿಲ್ಲ? ಗ್ಯಾಸ್ ತುಂಬುವಾಗ ಪ್ರತಿ ಸಲವೂ ಗಾಡಿಯ ಮುಂದೆ ಒಂದು ದೊಡ್ಡ ಪೆಡೆಸ್ಟಲ್ ಫ್ಯಾನ್ ಇಡುತ್ತಿದ್ದರು! ಗಾಡಿಯ ಫ್ಯಾನ್ ಮಾಡಬೇಕಿದ್ದ ಕೆಲಸವನ್ನು ಅದು ಮಾಡಿ ತಪ್ಪನ್ನು ಮುಚ್ಚಿಡುತ್ತಿತ್ತು.

ಹಾಗಾಗಿ ಗ್ಯಾಸಾ ಕಂಪ್ರೆಸರಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಅದನ್ನೇ ಕೇಳುತ್ತಿದ್ದೆ. ನೀವು ಮೊದಲು ನೋಡಬೇಕಾದದ್ದು ಎಸಿ ಯಾವಾಗ ಕೈಕೊಡುತ್ತದೆ ಅನ್ನುವುದನ್ನು.

ಗಾಳಿ ತಣ್ಣಗಿದ್ದು ಬರುವುದೇ ಕಮ್ಮಿಯಾ? ಹೆಚ್ಚಿನ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುವ ಎಸಿ ಫಿಲ್ಟರ್ ತೆಗೆದು ನೋಡಿ, ಧೂಳಿನ ಹಾಸಿಗೆ ಸಿಗಬಹುದು. ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿ ಕಟ್ಟಿದಂತಾಗಿ, ಸ್ವಲ್ಪ ಹೊತ್ತು ಎಸಿ ನಿಲ್ಲಿಸಿದರೆ ಮತ್ತೆ ಸರಿ ಹೋಗುತ್ತಾ? ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿರುತ್ತದೆ. ಎಂಜಿನ್ ಹತ್ತಿರದ ದಪ್ಪ ಎಸಿ ಪೈಪ್ ತಣ್ಣಗೆ ಬೆವರುತ್ತಿದ್ದರೂ ಒಳಗೆ ಬೆಚ್ಚಗಿನ ಗಾಳಿ ಬಂದರೆ, ಹೀಟರಿನ ಫ್ಲಾಪ್ ಪೂರ್ತಿ ಮುಚ್ಚುತ್ತಿಲ್ಲ ಅಂತ ಅನುಮಾನಪಡಿ. ಪೈಪ್ ಮುಟ್ಟುವಾಗ ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ. ತೆಳ್ಳಗಿನ ಪೈಪ್ ಸುಡುತ್ತದೆ, ಅದನ್ನಂತೂ ಮುಟ್ಟಲೇಬೇಡಿ.

ನನ್ನ ಹಾಗೆ ನಿಂತಾಗ ಮಾತ್ರ ತೊಂದರೆ ಇದ್ದರೆ, ಎಸಿ ಹಾಕಿ ಇಳಿದು ಫ್ಯಾನ್ ನೋಡಿ. ಇನ್ನೊಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ನಡುವಿನ ಕಿಂಡಿಗೆ ಒಂದು ಥರ್ಮಾಮೀಟರ್ ಸಿಕ್ಕಿಸಿ, ಎಂಜಿನ್ ಐಡಲ್‌ನಲ್ಲಿಟ್ಟು, ಮುಂದಿನ ಜಾಲಿಯ ಮೂಲಕ ಕಂಡೆನ್ಸರ್ ಮೇಲೆ ಮಗ್ಗಿನಿಂದ ಮೆಲ್ಲಗೆ ನೀರು ಸುರಿಯಿರಿ. ಒಂದೆರಡು ನಿಮಿಷದಲ್ಲಿ ತಾಪ ಸರ್ರನೆ ಇಳಿದರೆ, ಶಾಖ ಹೊರಹೋಗುತ್ತಿಲ್ಲ ಅಂತ ಖಾತ್ರಿ: ಫ್ಯಾನ್ ಕೆಟ್ಟಿರಬಹುದು, ಕಂಡೆನ್ಸರ್ ಕೆಸರು ಮೆತ್ತಿಕೊಂಡಿರಬಹುದು, ಅಥವಾ ಯಾರೋ ನನ್ನಂಥವರು ಗ್ಯಾಸ್ ಜಾಸ್ತಿ ತುಂಬಿಸಿರಬಹುದು.

ಓಡುವಾಗಲೂ ನಿಂತಾಗಲೂ ಒಂದೇ ಥರ ತಂಪು ಕಮ್ಮಿ ಇದ್ದು, ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಮಾತ್ರ ಗ್ಯಾಸ್ ಮಾತು ತೆಗೆಯಿರಿ. ಆಗಲೂ ಮೊದಲು ಲೀಕ್ ಹುಡುಕಿಸಿ. ಗ್ಯಾಸ್ ಜೊತೆ ಎಣ್ಣೆಯೂ ಸುತ್ತುವುದರಿಂದ ಸೋರುವ ಜಾಗದಲ್ಲಿ ಜಿಡ್ಡು, ಅದರ ಮೇಲೆ ಧೂಳು ಕೂತಿರುತ್ತದೆ. ಕಣ್ಣಿಗೆ ಸಿಗದಿದ್ದರೆ ಯುವಿ ಡೈ (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಅಥವಾ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದಾ ಅಂತ ನೋಡುವ ಪರೀಕ್ಷೆ. ತೂತು ಮುಚ್ಚುತ್ತದೆ ಅಂತ ಡಬ್ಬಿಯಲ್ಲಿ ಮಾರುವ ಸೀಲಂಟನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ. ಮುಚ್ಚಬಾರದ ಸಣ್ಣ ದಾರಿಗಳನ್ನೂ ಅದು ಮುಚ್ಚಬಹುದು.

ಕಂಪ್ರೆಸರ್ ಬಗ್ಗೆ: ಎಂಜಿನ್ ಓಡುವಾಗ ಹೈ ಸೈಡ್ ತುಂಬಾ ಕಮ್ಮಿ, ಲೋ ಸೈಡ್ (ಗ್ಯಾಸ್ ಕಂಪ್ರೆಸರಿಗೆ ವಾಪಸ್ ಬರುವ ಬದಿ) ಜಾಸ್ತಿ ಒತ್ತಡ ತೋರಿಸಿದರೆ ಅದರ ಮೇಲೆ ಅನುಮಾನಪಡಬಹುದು. ಆ ಎರಡು ಅಂಕಿ ತೋರಿಸದೆ ಯಾರಾದರೂ ಬದಲಿಸಿ ಎಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ನಿಮ್ಮ ಗಾಡಿ ನಿಂತಾಗ ಹೇಗಿರುತ್ತದೆ, ಓಡುವಾಗ ಹೇಗಿರುತ್ತದೆ ಅಂತ ನೀವು ಬರೆದೇ ಇಲ್ಲ. ನಾಳೆ ಮಧ್ಯಾಹ್ನ ನೋಡಿ ಬರೆಯಿರಿ. ಫ್ಯಾನ್ ತಿರುಗುತ್ತಿತ್ತಾ ಅನ್ನುವುದನ್ನೂ.